ಹಗಲು ಕರೆ ಉಚಿತ

ಮನೆಯಿಂದ,
ಮೂರನೇ ತಾರೀಕು, ಭಾನುವಾರ ಬೆಳಿಗ್ಗೆ

ಪುಟ್ಟು,

“ಪ್ರೀತಿಯ ತಮ್ಮನಿಗೆ” ಎಂದು ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಪ್ರೀತಿ ಇಲ್ಲವೆಂದಲ್ಲ, ಆ ಪದ ಬರೆದ ಮೇಲೆ ಮುಂದಿನದನ್ನು ಬರೆಯಲು ಕೈ ಏಳುತ್ತಿರಲಿಲ್ಲ. ಹೇಗಿದ್ದೀಯ? ಸೊಂಟ ನೋವು ಹೇಗಿದೆ? ಬಂದರಿನಲ್ಲಿ ಕ್ರೇನಿನ ಕ್ಯಾಬಿನ್ನಿನೊಳಗೆ ಎಂಟು ಗಂಟೆ ಬಗ್ಗಿ ಕೆಳಗೆ ನೋಡುತ್ತ ಕೂತು ಸೊಂಟ ಹಿಡಿದುಕೊಂಡಿದೆಯಂತೆ, ಡಾಕ್ಟರು ಬೆಲ್ಟು ಕೊಟ್ಟರೂ ನೀನು ಕಟ್ಟಿಕೊಳ್ಳುವುದಿಲ್ಲವಂತೆ. ಕಟ್ಟಿಕೊ. ನಿನ್ನ ಹೆಂಡತಿಯ ಕೆಮ್ಮು ನಿಂತಿತೇ? ಮಗಳು ಈಗಲಾದರೂ ಶಾಲೆಯ ಗೇಟಿನಲ್ಲಿ ಅಳದೆ ಒಳಗೆ ಹೋಗುತ್ತಿದ್ದಾಳೆಯೇ? ಆರು ವರ್ಷದಿಂದ ಒಂದು ಮಾತೂ ಆಡದ ಅಕ್ಕನಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಿನಗೆ ಗಾಬರಿಯಾಗಬಹುದು. ನನಗೂ ಆಯಿತು. ನಿನಗೆ ಮದುವೆಯಾಗಿದೆ, ನಾಲ್ಕು ವರ್ಷದ ಮಗಳಿದ್ದಾಳೆ ಎಂದು ನನಗೆ ತಿಳಿದದ್ದು ಎಂಟು ದಿನದ ಹಿಂದೆ, ಅದೂ ಮನೆಗೆ ಯಾವ ಫೋನ್ ಪ್ಯಾಕೇಜು ಹಾಕಿಸಬೇಕೆಂದು ನೋಡಲು ಹೋಗಿ.

ಅಮ್ಮ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೋದ ಮಂಗಳವಾರ ಅವಳ ಫೋನು ಬರಲಿಲ್ಲವೆಂದು ನೀನು ಒದ್ದಾಡಿರುತ್ತೀಯ. ಕಣ್ಣು ಮೊದಲಿನ ಹಾಗೇ ಇದೆ, ದೂರದ್ದು ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಮಂಡಿ ಅವಳ ಮಾತು ಕೇಳುವುದಿಲ್ಲ, ಅವಳು ಡಾಕ್ಟರ ಮಾತು ಕೇಳುವುದಿಲ್ಲ. ಊಟ ನಿದ್ದೆ ಸರಿಯಾಗಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ ಅಂದುಕೊ.

ಈಗ ಸುದ್ದಿ. ನಮ್ಮ ಬೀದಿಯ ಹಳೆಯ ತಾಮ್ರದ ಫೋನ್ ತಂತಿಗಳನ್ನೆಲ್ಲ ಕಂಪನಿಯವರು ತೆಗೆದುಹಾಕುತ್ತಿದ್ದಾರೆ. ಈ ತಿಂಗಳ ಕೊನೆಗೆ ನಮ್ಮ ಮನೆ ಫೋನು ಸತ್ತುಹೋಗುತ್ತದೆ. ಬದಲಿಗೆ ಹೊಸ ಕೇಬಲ್ಲಿನಲ್ಲಿ ಬ್ರಾಡ್‌ಬ್ಯಾಂಡು, ಫೋನು ಎರಡೂ ಸೇರಿಸಿ ಪ್ಯಾಕೇಜು ಕೊಡುತ್ತಾರೆ. ನನಗೂ ಬ್ರಾಡ್‌ಬ್ಯಾಂಡ್ ಬೇಕಿತ್ತು. ನಮ್ಮ ಲ್ಯಾಬಿನಲ್ಲಿ ಈಗ ಹಲ್ಲಿನ ಸೆಟ್ಟುಗಳನ್ನು ಮೇಣದಲ್ಲಿ ಕಡೆಯುವುದು ಕಡಿಮೆಯಾಗಿದೆ. ಡಾಕ್ಟರು ಬಾಯಿಯೊಳಗೆ ಸ್ಕ್ಯಾನರ್ ಆಡಿಸಿ ಕಂಪ್ಯೂಟರಿಗೆ ಕಳಿಸುತ್ತಾರೆ, ನಾವು ಪರದೆಯ ಮೇಲೆ ಹಲ್ಲು ಕೂರಿಸುತ್ತೇವೆ. ರಜೆಯ ದಿನವೂ ಮನೆಯಿಂದಲೇ ನೋಡಿಕೊಡಿ ಎಂದು ಮಾಲೀಕರು ಹೇಳಿದ್ದರು. ಸರಿ, ಪ್ಯಾಕೇಜು ಮಾರುವ ಹುಡುಗ ಒಂದು ಸಂಜೆ ಬಂದು ಹಾಲಿನಲ್ಲಿ ಕೂತ. ಮಾತು ನಿಲ್ಲಿಸಿದರೆ ಉಸಿರೂ ನಿಂತುಹೋಗುತ್ತದೇನೋ ಅನ್ನುವಂಥವನು. ಅವನ ಹತ್ತಿರ ಮೂರು ಬಗೆ ಇದ್ದವು. ಒಂದರಲ್ಲಿ ಬರೀ ಬ್ರಾಡ್‌ಬ್ಯಾಂಡು, ಫೋನೇ ಇಲ್ಲ, ಅದು ಎಲ್ಲಕ್ಕಿಂತ ಅಗ್ಗ. ಇನ್ನೊಂದರಲ್ಲಿ ಫೋನು ಇದೆ, ಆದರೆ ಸಂಜೆ ಏಳರ ಮೇಲೆ ಮತ್ತು ಶನಿವಾರ ಭಾನುವಾರ ಮಾತ್ರ ಕರೆ ಉಚಿತ. ಮೂರನೆಯದರಲ್ಲಿ ಹಗಲು ಹೊತ್ತೂ ಉಚಿತ, ದೂರದ ಊರಿಗೂ ಉಚಿತ, ಜೊತೆಗೆ ನಮಗೆ ಬೇಡದ ನೂರಾರು ಚಾನೆಲ್ಲು.

ನಾನು ಮೊದಲನೆಯದನ್ನೇ ಬರೆದುಕೊ ಅಂದೆ. ಮನೆ ಫೋನಿಗೆ ಯಾರು ಮಾಡುತ್ತಾರೆ, ನಾವು ಯಾರಿಗೆ ಮಾಡುತ್ತೇವೆ? ಅಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದವಳು, “ಫೋನು ಇಲ್ಲದೇ ಇದ್ರೆ ನಾನು ಈ ಮನೇಲಿ ಇರಲ್ಲ” ಅಂದಳು. ಹುಡುಗ ನಕ್ಕ, ನಾನೂ ನಕ್ಕೆ. ಹಾಗಾದರೆ ಎರಡನೆಯದು ಇರಲಿ ಅಂದೆ. ಹುಡುಗ, “ಮೇಡಂ, ಹಗಲು ಹೊತ್ತು ಕರೆ ಜಾಸ್ತಿ ಇದ್ಯಾ ನಿಮ್ದು?” ಎಂದು ಕೇಳಿದ. ಇಲ್ಲಪ್ಪ, ಹಗಲು ನಾನು ಲ್ಯಾಬಿನಲ್ಲಿ ಇರುತ್ತೇನೆ, ಅಮ್ಮ ಯಾರಿಗೂ ಮಾಡುವುದಿಲ್ಲ ಅಂದೆ. ಆಗ ಅಮ್ಮ, “ಹಗಲು ಫ್ರೀ ಇರೋದೇ ತಗೊಳೇ, ನನಗೇನೋ ಅದೇ ಚೆನ್ನಾಗಿದೆ ಅನ್ಸುತ್ತೆ” ಅಂದಳು. ಸೀರೆ ಅಂಗಡಿಯಲ್ಲಿ ಬಣ್ಣ ಆರಿಸುವ ಹಾಗೆ ಹೇಳಿದಳು ಕಣೋ. ನಾನು ಅವಳನ್ನು ಛೇಡಿಸಿದೆ. “ಯಾರಮ್ಮ ಅದು, ಹಗಲು ಹೊತ್ತು ನಿನ್ನ ಜೊತೆ ಮಾತಾಡೋನು?” ಎಂದು ಕೇಳಿದೆ. ಅವಳು ಒಳಗೆ ಹೋಗಿ ನಲ್ಲಿ ಬಿಟ್ಟಳು. ತೊಳೆಯಲು ಒಂದು ಪಾತ್ರೆಯೂ ಇರಲಿಲ್ಲ, ನಾನು ಆಗಲೇ ಎಲ್ಲ ತೊಳೆದಿಟ್ಟಿದ್ದೆ.

ಹುಡುಗನಿಗೆ ಆಮೇಲೆ ಹೇಳುತ್ತೇನೆಂದು ಕಳಿಸಿದೆ. ಮರುದಿನ ಮೆಟ್ಟಿಲಲ್ಲಿ ಕೆಳಗಿನ ಮನೆಯ ಲೆಕ್ಕದ ಮೇಷ್ಟ್ರು ಸಿಕ್ಕರು. ನೀನು ಬಿಟ್ಟುಹೋದ ಮೇಲೆ ಬಂದವರು, ರಿಟೈರಾಗಿದ್ದಾರೆ, ಅಮ್ಮನಿಗೆ ಶನಿವಾರ ಶನಿವಾರ ಪೇಪರು ಓದಿ ಹೇಳುತ್ತಾರೆ. ಯಾವ ಪ್ಯಾಕೇಜು ಮೇಷ್ಟ್ರೇ ಎಂದು ಕೇಳಿದರೆ, “ನೀವು ಎಷ್ಟು ಮಾತಾಡ್ತೀರಿ, ಯಾವಾಗ ಮಾತಾಡ್ತೀರಿ ಅಂತ ಗೊತ್ತಿಲ್ಲದೆ ಹೇಗೆ ಆರಿಸ್ತೀರಿ? ಕಂಪನಿಯಿಂದ ಒಂದು ವರ್ಷದ ಕರೆಗಳ ಪಟ್ಟಿ ತರಿಸ್ಕೊಳ್ಳಿ. ಆಮೇಲೆ ಬೇರೆಯವರನ್ನ ಕೇಳೋ ಅಗತ್ಯವೇ ಇರಲ್ಲ” ಅಂದರು. ಲೆಕ್ಕದವರು, ಲೆಕ್ಕದ ಮಾತು ಅಂದುಕೊಂಡೆ. ಈಗ ನೆನೆದರೆ, ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಬೀಗದ ಕೈ ನೋಡುತ್ತಿದ್ದರು. ನಿನಗೆ ಹೋಗುತ್ತಿದ್ದ ಪಾರ್ಸೆಲ್ಲುಗಳನ್ನು ಅಂಚೆಗೆ ಹಾಕುತ್ತಿದ್ದವರು ಅವರೇ ಎಂದು ಅಮ್ಮ ಆಮೇಲೆ ಒಪ್ಪಿಕೊಂಡಳು. ಆ ಮನುಷ್ಯ ಬೇಕೆಂದೇ ನನಗೆ ಆ ದಾರಿ ತೋರಿಸಿದರೋ ಏನೋ. ಕೇಳಿಲ್ಲ, ಕೇಳುವುದೂ ಇಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಕಂಪನಿಯ ಆಫೀಸಿಗೆ ಹೋಗಿ ಪಟ್ಟಿ ತಂದೆ. ಆರು ಹಾಳೆ. ಲ್ಯಾಬಿನ ಬೆಂಚಿನ ಮೇಲೆ, ಅರ್ಧ ಮುಗಿದ ಕೆಳದವಡೆಯ ಪಕ್ಕದಲ್ಲಿ ಹರಡಿಕೊಂಡು, ಅಚ್ಚಿನ ಮೇಲೆ ಗುರುತು ಹಾಕುವ ಕೆಂಪು ಪೆನ್ಸಿಲ್ಲು ಹಿಡಿದು ಕೂತೆ. ಕಣ್ಣಿನ ಡಾಕ್ಟರು ಒಂದಿಷ್ಟು ಸಲ, ಔಷಧಿ ಅಂಗಡಿ, ನನ್ನ ಲ್ಯಾಬು, ದೊಡ್ಡಮ್ಮ. ಉಳಿದದ್ದೆಲ್ಲ ಒಂದೇ ನಂಬರು. ಮಂಗಳವಾರ, ಬೆಳಿಗ್ಗೆ ಹತ್ತು ನಲವತ್ತು, ಮೂವತ್ತೆಂಟು ನಿಮಿಷ. ಮಂಗಳವಾರ, ಹತ್ತು ನಲವತ್ತೊಂದು, ಐವತ್ತೆರಡು ನಿಮಿಷ. ಒಂದು ವಾರ ಬಿಟ್ಟಿರಲಿಲ್ಲ. ಅಲ್ಲ, ಒಂದು ವಾರ ಬಿಟ್ಟಿತ್ತು, ಅಮ್ಮನ ಕಣ್ಣಿನ ಆಪರೇಷನ್ನಿನ ವಾರ. ಅದರ ಮುಂದಿನ ಮಂಗಳವಾರ ಒಂದು ಗಂಟೆ ಹತ್ತು ನಿಮಿಷ. ಇನ್ನೊಂದು ಮಂಗಳವಾರದಲ್ಲಿ ಬರೀ ಒಂದು ನಿಮಿಷ. ಆ ತಾರೀಕು ನನಗೆ ನೆನಪಿತ್ತು. ಜ್ವರ ಬಂದು ರಜೆ ಹಾಕಿ ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಅಮ್ಮ ಫೋನಿನಲ್ಲಿ ಜೋರಾಗಿ, “ಇವತ್ತು ಬೇಡಪ್ಪ, ಮುಂದಿನ ವಾರ ನೋಡೋಣ” ಅಂದದ್ದು ಕೇಳಿಸಿ, ಯಾರದು ಎಂದು ಕೂಗಿದ್ದೆ. “ನೀರಿನ ಕ್ಯಾನಿನವನು ಕಣೆ, ಮಲಕ್ಕೊ” ಅಂದಿದ್ದಳು. ಆ ಒಂದು ನಿಮಿಷ ನೀನು ನೀರಿನ ಕ್ಯಾನಿನವನಾಗಿದ್ದೆ.

ಆದರೆ ಅದು ನೀನು ಎಂದು ನನಗೆ ಆಗ ಹೊಳೆಯಲಿಲ್ಲ ಪುಟ್ಟು. ದೇವರಾಣೆಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದು, ಯಾರೋ ಕಳ್ಳರು ಅಮ್ಮನನ್ನು ಮಾತಿನಲ್ಲಿ ಬೀಳಿಸಿದ್ದಾರೆ ಎಂದು. ಒಂಟಿ ಮುದುಕಿಯರ ಹತ್ತಿರ ವಾರ ವಾರ ಸಿಹಿಯಾಗಿ ಮಾತಾಡಿ ಕೊನೆಗೆ ಮನೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರಲ್ಲ, ಅಂಥವರು. ಆ ದಿನ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಹದಿನಾರು ಬಗೆಯ ಬಿಳಿಯಲ್ಲಿ ಯಾವ ಹಲ್ಲು ಯಾರ ಬಾಯಿಗೆ ಹೊಂದುತ್ತದೆಂದು ಕಣ್ಣಲ್ಲೇ ಹೇಳುವವಳು, ಒಬ್ಬ ಯಜಮಾನರಿಗೆ ಶಾಲೆ ಹುಡುಗನ ಹಲ್ಲಿನಷ್ಟು ಬೆಳ್ಳಗಿನದನ್ನು ಕೂರಿಸಿಬಿಟ್ಟೆ. ಶನಿವಾರ ಬೆಳಿಗ್ಗೆ ಅಮ್ಮ ಪೇಪರು ಕೇಳಲು ಮೇಷ್ಟ್ರ ಮನೆಗೆ ಇಳಿದ ತಕ್ಷಣ ನಮ್ಮ ಫೋನಿನಿಂದಲೇ ಆ ನಂಬರಿಗೆ ಮಾಡಿದೆ. ಆ ಕಳ್ಳನಿಗೆ ಏನು ಬೈಯಬೇಕೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ, ಬೈಯಲು ನನಗೆ ಬರುವುದಿಲ್ಲವಲ್ಲ. ಎರಡು ಸಲ ರಿಂಗಾಯಿತು.

“ಅಮ್ಮ, ಏನಮ್ಮ ಇವತ್ತು ಶನಿವಾರ? ಅವಳು ಮನೇಲಿಲ್ವಾ?”

ಇಷ್ಟೇ ನೀನು ಹೇಳಿದ್ದು. ಆರು ವರ್ಷದ ಮೇಲೆ ನಿನ್ನ ಗಂಟಲು ಕೇಳಿ ನನಗೆ ಮೊದಲು ಆದದ್ದು ಸಂತೋಷ. ನಂಬು, ಮೊದಲು ಸಂತೋಷವೇ ಆಯಿತು. ಬದುಕಿದ್ದಾನೆ, ದನಿ ಹಾಗೇ ಇದೆ, ಸ್ವಲ್ಪ ಒಡೆದಿದೆ ಅಷ್ಟೆ ಅನ್ನಿಸಿತು. ಆಮೇಲೆ ಆ ‘ಅವಳು’ ಕಿವಿಯೊಳಗೆ ಇಳಿಯಿತು. ನಾನು ರಿಸೀವರು ಇಟ್ಟೆ. ನೀನು ತಿರುಗಿ ಮಾಡುತ್ತೀಯ ಎಂದು ಪಕ್ಕದಲ್ಲೇ ಕೂತಿದ್ದೆ. ಎತ್ತಿ “ಪುಟ್ಟು” ಅನ್ನಬೇಕೆಂದು ಬಾಯಿ ಕೂಡ ತೆರೆದುಕೊಂಡಿದ್ದೆ. ಇಪ್ಪತ್ತು ನಿಮಿಷವಾದರೂ ಅದು ರಿಂಗಾಗಲಿಲ್ಲ. ಈ ಮನೆಗೆ ನೀನಾಗಿ ಎಂದೂ ಫೋನು ಮಾಡಬಾರದು ಎನ್ನುವುದು ನಿಮ್ಮಿಬ್ಬರ ನಿಯಮವಂತೆ. ಎಷ್ಟು ಚೆನ್ನಾಗಿ ಪಾಲಿಸಿದ್ದೀಯ.

ಅಮ್ಮ ಮೆಟ್ಟಿಲು ಹತ್ತಿ ಬಂದಾಗ ಹಾಳೆಗಳು ಮೇಜಿನ ಮೇಲಿದ್ದವು. “ಇದೇನೇ?” ಅಂದಳು. ಪ್ಯಾಕೇಜಿಗೆ ಬೇಕಾದ ಪಟ್ಟಿ ಅಂದೆ. “ನನಗೆಲ್ಲಿ ಕಾಣತ್ತೆ, ನೀನೇ ಓದು” ಎಂದು ಕುರ್ಚಿ ಎಳೆದುಕೊಂಡು ಕೂತಳು. ಓದಿದೆ. ತಾರೀಕು, ಮಂಗಳವಾರ, ಹತ್ತು ನಲವತ್ತು, ಮೂವತ್ತೆಂಟು ನಿಮಿಷ. ತಾರೀಕು, ಮಂಗಳವಾರ, ಹತ್ತು ನಲವತ್ತೊಂದು, ಐವತ್ತೆರಡು ನಿಮಿಷ. ನಾಲ್ಕನೆಯ ಮಂಗಳವಾರಕ್ಕೆ, “ಸಾಕು ನಿಲ್ಸು” ಅಂದಳು. ನಿಲ್ಲಿಸಲಿಲ್ಲ. ಒಂದು ಹಾಳೆ ಪೂರ್ತಿ ಓದಿದೆ. ನನ್ನಲ್ಲಿ ಇಷ್ಟು ಕೆಟ್ಟತನ ಇದೆಯೆಂದು ನನಗೇ ಗೊತ್ತಿರಲಿಲ್ಲ.

“ಎಷ್ಟು ದಿನದಿಂದ?” ಎಂದು ಕೇಳಿದೆ. “ಮೊದಲಿಂದಾನೂ” ಅಂದಳು. ಮೊದಲಿನಿಂದ ಅಂದರೆ ಅಪ್ಪ ಹೋದ ತಿಂಗಳಿಂದ.

ಅಪ್ಪ ಹೋದದ್ದನ್ನು ಬರೆಯಲೇಬೇಕು, ನಾವಿಬ್ಬರೂ ಆ ಮಾತು ಎಂದೂ ಆಡಿಲ್ಲ. ಆಸ್ಪತ್ರೆಯ ವರಾಂಡದಿಂದ ನಿನಗೆ ಫೋನು ಮಾಡಿದವಳು ನಾನು. ಇವತ್ತೇ ಹೊರಡು ಅಂದೆ, ಹೊರಟೆ ಅಂತ ನೀನು ಅಂದೆ. ನೀನು ಬಂದದ್ದು ಮೂರನೇ ದಿನ, ಎಲ್ಲ ಮುಗಿದ ಮೇಲೆ. ನೆಂಟರೆಲ್ಲ ಇರುವಾಗಲೇ ಬಾಗಿಲಲ್ಲಿ ನಿಲ್ಲಿಸಿ, ನಿನ್ನ ಮುಖ ಮತ್ತೆ ಈ ಮನೆಯಲ್ಲಿ ಕಾಣಬಾರದು, ಫೋನಿನಲ್ಲಿ ದನಿಯೂ ಕೇಳಬಾರದು ಅಂದೆ. ನೀನು ನನ್ನ ಹೆಗಲ ಮೇಲಿಂದ ಹಿಂದೆ ನಿಂತಿದ್ದ ಅಮ್ಮನನ್ನು ನೋಡಿದೆ, ಚೀಲ ಎತ್ತಿಕೊಂಡು ಇಳಿದುಹೋದೆ. ನನ್ನನ್ನು ನೋಡಲೂ ಮುಖವಿಲ್ಲ ಇವನಿಗೆ ಎಂದು ಎಷ್ಟು ವರ್ಷ ಅಂದುಕೊಂಡಿದ್ದೇನೆ. ಶನಿವಾರ ಅಮ್ಮ ಮೇಜಿನ ಅಂಚು ಉಜ್ಜುತ್ತ ಹೇಳಿದಳು. “ನೀನು ಮಾಡಿದ ಮೇಲೆ ನಾನೂ ಅವನಿಗೆ ಮಾಡಿದೆ ಕಣೆ. ನಿಮ್ಮಪ್ಪ ಹುಷಾರಾಗ್ತಿದಾರೆ ಅಂತ ಡಾಕ್ಟ್ರು ಅಂದ್ರು, ನೀನು ಬರಬೇಡ ಅಂತ ಅವನಿಗೆ ಅಂದೆ. ಹೊಸ ಕೆಲಸ, ಮೂರು ತಿಂಗಳಾಗಿತ್ತು ಅಷ್ಟೆ, ರಜೆ ಹಾಕಿದ್ರೆ ತೆಗೆದುಹಾಕ್ತಾರೆ ಅಂತ ಅಂದಿದ್ದ. ನಿಮ್ಮಪ್ಪ ಬೆಳಗಾಗೋದ್ರೊಳಗೆ ಹೋಗ್ಬಿಡ್ತಾರೆ ಅಂತ ನನಗೇನು ಗೊತ್ತಿತ್ತು?”

ಬಾಗಿಲಲ್ಲಿ ನಾನು ಬೈಯುವಾಗ ಒಂದು ಮಾತು ಹೇಳಬಹುದಿತ್ತಲ್ಲಮ್ಮ ಅಂದೆ. “ಅಷ್ಟು ಜನದ ಮುಂದೆ? ಗಂಡ ಸಾಯೋವಾಗ ಮಗನ್ನ ತಡೆದೋಳು ಅನ್ನಿಸಿಕೊಳ್ಳೋಕೆ ಆಗ್ಲಿಲ್ಲ ನನ್ನ ಕೈಲಿ” ಅಂದಳು. ಇದು ನನಗೆ ಅರ್ಥವಾಯಿತು ಪುಟ್ಟು. ಆ ದಿನದ ಹೆದರಿಕೆ ಅರ್ಥವಾಯಿತು. ಮರುದಿನ ಯಾಕೆ ಹೇಳಲಿಲ್ಲ, ಮರುವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೇಜಿನ ಮೇಲಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. ಆಮೇಲೆ, “ಅವನು ಬಂದು ಸರಿಹೋಗಿದ್ರೆ ನೀನು ಹೊರಟುಹೋಗ್ತಿದ್ದೆ. ಆ ದೊಡ್ಡ ಲ್ಯಾಬಿನೋರು ಕರೀತಾನೇ ಇದ್ರಲ್ಲ” ಅಂದಳು. ಎಷ್ಟು ಸಲೀಸಾಗಿ ಅಂದಳೆಂದರೆ, ಈ ಮಾತು ಅವಳ ಮನಸ್ಸಿನಲ್ಲಿ ಎಷ್ಟು ಸಲ ಓಡಾಡಿ ನುಣ್ಣಗಾಗಿರಬೇಕು ಅನ್ನಿಸಿತು.

ನಿನಗೆ ಗೊತ್ತಿರಲೇಬೇಕು, ಆದರೂ ನನ್ನ ಕೈಯಿಂದ ಬರೆಯುತ್ತೇನೆ. ನಮ್ಮ ಮಾಲೀಕರ ಇನ್ನೊಂದು ಲ್ಯಾಬು ಬೇರೆ ಊರಿನಲ್ಲಿದೆ. ಹೊಸಬರಿಗೆ ಕೆಲಸ ಕಲಿಸಲು ಬನ್ನಿ ಎಂದು ನನ್ನನ್ನು ಮೂರು ಸಲ ಕರೆದರು. ಮೂರು ಸಲವೂ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮೂರು ಸಲವೂ ಅವಳು, “ಹೋಗು ಮಗಳೇ, ನನಗೇನು. ನಿನ್ನ ಬಿಟ್ರೆ ನನಗೆ ಇನ್ಯಾರಿದ್ದಾರೆ ಅಂತ ನಾನು ಯೋಚನೆ ಮಾಡ್ಬಾರ್ದು” ಅಂದಳು. ಆ ಮಾತು ಕೇಳಿದ ಮೇಲೆ ಯಾರು ಹೋಗುತ್ತಾರೆ? ನಾನು ಹೋಗಲಿಲ್ಲ. ಆ ಸಂಗತಿಯನ್ನೂ ಅವಳು ಮುಂದಿನ ಮಂಗಳವಾರ ನಿನಗೆ ಹೇಳಿರುತ್ತಾಳೆ. ನೀನು ಏನು ಅಂದೆ? ಪಟ್ಟಿಯಲ್ಲಿ ನಿಮಿಷಗಳಿವೆ, ಮಾತುಗಳಿಲ್ಲ. ಆ ನಲವತ್ತು ನಿಮಿಷದಲ್ಲಿ ಒಂದು ಸಲವಾದರೂ, ಅಮ್ಮ ಅಕ್ಕನಿಗೆ ಹೇಳಿಬಿಡು ಎಂದು ಅಂದೆಯಾ? ಅಂದೆ ಎಂದು ಅಮ್ಮ ಹೇಳುತ್ತಾಳೆ, ಒಂದೆರಡು ಸಲ. ಆಮೇಲೆ ನಿನಗೂ ಅಭ್ಯಾಸವಾಯಿತಂತೆ.

ನಾನು ನಿನಗೆ ಒಂದು ಪತ್ರ ಬರೆದಿದ್ದೆ, ಗೊತ್ತೇ? ಐದು ವರ್ಷದ ಹಿಂದೆ. ಕೋಪದಲ್ಲಿ ಅಂದುಬಿಟ್ಟೆ, ಬಾ ಎಂದು. ನಿನ್ನ ಹಳೆಯ ಕೋಣೆಯ ವಿಳಾಸಕ್ಕೆ ಹಾಕಿದ್ದೆ. ಆ ವಿಳಾಸದಲ್ಲಿ ಇಲ್ಲ ಎಂದು ಮುದ್ರೆ ಬಿದ್ದು ವಾಪಸು ಬಂತು. ಅದನ್ನು ಹಿಡಿದುಕೊಂಡು ಇದೇ ಮೇಜಿನ ಮುಂದೆ ಅತ್ತಿದ್ದೇನೆ. ಅಮ್ಮ ನನ್ನ ತಲೆ ಸವರಿದಳು. “ಬಿಡು ಮಗಳೇ, ಅವನಿಗೇ ಬೇಡವಾದ್ಮೇಲೆ ನಾವೇನು ಮಾಡೋಕಾಗತ್ತೆ” ಅಂದಳು. ನಿನ್ನ ಹೊಸ ವಿಳಾಸ ಆಗ ಅವಳ ಕನ್ನಡಕದ ಡಬ್ಬಿಯಲ್ಲಿತ್ತು. ಈ ಪತ್ರದ ಮೇಲೆ ಬರೆಯುವುದಕ್ಕೆ ಆ ಚೀಟಿಯನ್ನೇ ಈಗ ಬಿಚ್ಚಿಟ್ಟುಕೊಂಡಿದ್ದೇನೆ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದೆ.

ಸುಳ್ಳು ಹೇಳಿದ್ದಕ್ಕಿಂತ ಹೆಚ್ಚು ನೋಯಿಸುವುದು ಯಾವುದು ಹೇಳಲಾ? ಆ ಸುಳ್ಳಿಗೆ ನನ್ನ ಕೈಯಿಂದಲೇ ಕೆಲಸ ಮಾಡಿಸಿಕೊಂಡದ್ದು. ದೊಡ್ಡಮ್ಮನ ಮನೆಗೆ ನಾಲ್ಕು ದಿನ ಹೋಗಿ ಬರ್ತೀನಿ ಎಂದು ಅಮ್ಮ ಹೊರಟಾಗ, ಅವಳ ಒಳ್ಳೆಯ ಸೀರೆ ಇಸ್ತ್ರಿ ಮಾಡಿ ಬ್ಯಾಗಿಗೆ ಹಾಕಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ಬಂದವಳು ನಾನು. ಅದು ನಿನ್ನ ಮದುವೆ. ಇಷ್ಟು ಒಳ್ಳೆ ಸೀರೆ ಯಾಕಮ್ಮ ಅಂತ ಕೇಳಲೂ ಇಲ್ಲ, ದೊಡ್ಡಮ್ಮನ ಮುಂದೆ ಚೆನ್ನಾಗಿ ಕಾಣಲಿ ಅಂದುಕೊಂಡೆ. ಮೇಷ್ಟ್ರ ಮೊಮ್ಮಗಳಿಗೆ ಎಂದು ಅಮ್ಮ ಒಂದು ಪುಟ್ಟ ಹಳದಿ ಸ್ವೆಟರು ಹೆಣೆದಳು. ಕಣ್ಣು ಕಾಣದೆ ಹೆಣಿಗೆ ತಪ್ಪಿದಾಗೆಲ್ಲ ಬಿಚ್ಚಿ ಸರಿಮಾಡಿಕೊಟ್ಟವಳು ನಾನು. ಗುಂಡಿ ಆರಿಸಲು ಮೂರು ಅಂಗಡಿ ಸುತ್ತಿದೆ, ಮೀನಿನ ಆಕಾರದವು. ನಿನ್ನ ಮಗಳು ಆ ಗುಂಡಿಗಳನ್ನು ಬಾಯಲ್ಲಿ ಕಚ್ಚುತ್ತಿದ್ದಳಂತೆ, ಅಮ್ಮ ಹೇಳಿದಳು. ನನಗೆ ಒಬ್ಬ ಸೋದರ ಸೊಸೆ ಹುಟ್ಟಿದ್ದಾಳೆಂದು ತಿಳಿಯದೆಯೇ ಅವಳಿಗೆ ಬಟ್ಟೆ ತೊಡಿಸಿದ್ದೇನೆ ನೋಡು.

ನಿನಗೆ ನಾನು ಬಾಗಿಲಲ್ಲಿ ಅಂದ ಮಾತಿಗೆ ಕ್ಷಮೆ ಕೇಳುತ್ತೇನೆ. ಇದನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ, ಉಳಿದದ್ದರ ಜೊತೆ ಕಲಸಬೇಡ. ನೀನು ತಪ್ಪು ಮಾಡಿರಲಿಲ್ಲ, ನಾನು ಎಲ್ಲರ ಮುಂದೆ ನಿನಗೆ ಅವಮಾನ ಮಾಡಿದೆ, ಅಪ್ಪನಿಗಾಗಿ ಅಳಲೂ ನಿನಗೆ ಜಾಗ ಕೊಡಲಿಲ್ಲ. ಅದು ನನ್ನನ್ನು ಚುಚ್ಚುತ್ತಲೇ ಇರುತ್ತದೆ. ಆದರೆ ಆಮೇಲಿನದು? ಅಮ್ಮನ ಮಾನ ಉಳಿಸಲು ನೀನು ಬಾಯಿ ಮುಚ್ಚಿಕೊಂಡೆ, ದೊಡ್ಡ ಮನಸ್ಸು ಅಂತಲೇ ಇಟ್ಟುಕೊಳ್ಳೋಣ. ಮುಚ್ಚಿಕೊಂಡ ಬಾಯಿಗೆ ವಾರಕ್ಕೊಮ್ಮೆ ಅಮ್ಮ ಸಿಗುತ್ತಿದ್ದಳು, ಹೆಂಡತಿ ಸಿಕ್ಕಳು, ಮಗಳು ಸಿಕ್ಕಳು. ಇಲ್ಲಿ ನಾನು ಅವಳ ಔಷಧಿ, ಅವಳ ಮಂಡಿ, ಅವಳ ಬೇಸರ ನೋಡಿಕೊಂಡು, ನನ್ನ ನಾಲಿಗೆಯಿಂದಲೇ ತಮ್ಮ ದೂರವಾದ ಎಂದು ಒಬ್ಬಳೇ ಕೊರಗುತ್ತಿದ್ದೆ. ನಿಮಗಿಬ್ಬರಿಗೂ ಅದು ಗೊತ್ತಿತ್ತು. “ಅವಳಿಗೆ ಇನ್ನೂ ಕೋಪ ಇಳಿದಿಲ್ಲ” ಎಂದು ಅಮ್ಮ ನಿನಗೆ ಹೇಳುತ್ತಿದ್ದಳಂತೆ. ನೀನು ನಂಬಿದೆಯಂತೆ. ನನ್ನ ಕೋಪ ಎಷ್ಟು ದಿನದ್ದೆಂದು ಚಿಕ್ಕಂದಿನಿಂದ ಕಂಡವನು ನೀನು. ನಿನ್ನ ಪಟ ಹರಿದದ್ದಕ್ಕೆ, ನನ್ನ ಪೆನ್ನು ಕಳೆದದ್ದಕ್ಕೆ ಮಾತು ಬಿಟ್ಟು ಸಂಜೆಯೊಳಗೆ ಒಂದೇ ತಟ್ಟೆಯಲ್ಲಿ ತಿಂದವರು ನಾವು. ನಂಬಿದ್ದಲ್ಲ, ನಂಬುವುದು ನಿನಗೆ ಅನುಕೂಲವಾಗಿತ್ತು.

ಈ ಎಂಟು ದಿನ ಮನೆಯಲ್ಲಿ ಹೆಚ್ಚು ಮಾತಿಲ್ಲ. ಅಮ್ಮ ನನಗೆ ಹಿಡಿಸುವ ಅಡುಗೆಯನ್ನೇ ಮಾಡಿಡುತ್ತಾಳೆ, ನಾನು ತಿನ್ನುತ್ತೇನೆ, ಚೆನ್ನಾಗಿದೆ ಅನ್ನುವುದಿಲ್ಲ. ಸೋಮವಾರ ಮಾಲೀಕರ ಕೋಣೆಗೆ ಹೋಗಿ, ಆ ಊರಿನ ಕೆಲಸ ಇನ್ನೂ ಖಾಲಿ ಇದ್ದರೆ ನಾನು ಹೋಗುತ್ತೇನೆ ಅಂದೆ. ಅವರು ಪೆನ್ನು ಕೆಳಗಿಟ್ಟು, “ಅಮ್ಮನ ಹತ್ರ ಕೇಳಿದ್ರಾ?” ಅಂದರು. ಆ ಪ್ರಶ್ನೆ ಅವರೂ ಮೂರು ಸಲ ಕೇಳಿ ರೂಢಿ. ಹತ್ತು ತಿಂಗಳ ಕೆಲಸ. ಮನೆಗೆ ಬಂದು ಹೇಳಿದಾಗ ಅಮ್ಮ ಆ ಹಳೆಯ ಮಾತಿಗೆ ಬಾಯಿ ತೆರೆದಳು, “ನಿನ್ನ ಬಿಟ್ರೆ ನನಗೆ” ಎನ್ನುವವರೆಗೆ ಬಂದು ತಾನೇ ನಿಲ್ಲಿಸಿದಳು. ನನಗೆ ಗೆದ್ದಂತೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವಳು ಇದ್ದಕ್ಕಿದ್ದಂತೆ ತುಂಬ ಸಣ್ಣವಳಾಗಿ ಕಂಡಳು. ಮಂಗಳವಾರ ಲ್ಯಾಬಿನಲ್ಲಿ ಹತ್ತು ನಲವತ್ತಕ್ಕೆ ಗಡಿಯಾರ ನೋಡಿದೆ. ಸಂಜೆ ಬಂದಾಗ ಫೋನಿನ ಮೇಲೆ ಹೊದಿಸಿದ ಬಟ್ಟೆ ಬೆಳಿಗ್ಗೆ ಇದ್ದ ಹಾಗೇ ಇತ್ತು. ಮಾಡಬೇಡ ಎಂದು ನಾನು ಅವಳಿಗೆ ಹೇಳಿಲ್ಲ, ನಿನಗೆ ಇದು ಗೊತ್ತಿರಲಿ.

ಶುಕ್ರವಾರ ಪ್ಯಾಕೇಜಿನ ಹುಡುಗನನ್ನು ಮತ್ತೆ ಕರೆಸಿದೆ. ಹಗಲು ಉಚಿತ ಇರುವ ಮೂರನೆಯದನ್ನೇ ಬರೆದುಕೊ ಅಂದೆ. ಹಳೆಯ ನಂಬರೇ ಇರುತ್ತದೆ, ತಿಂಗಳ ಕೊನೆಯೊಳಗೆ ಜೋಡಿಸಿಕೊಂಡರೆ. ಇಲ್ಲದಿದ್ದರೆ ಆ ನಂಬರು ಬೇರೆ ಯಾರಿಗೋ ಹೋಗುತ್ತದೆ. ಎರಡು ವರ್ಷದ ಕರಾರು. “ಯಾರ ಹೆಸರಿಗೆ ಮೇಡಂ, ನಿಮ್ದೇ ತಾನೆ?” ಎಂದು ಕೇಳಿದ. ನಿನ್ನ ಹೆಸರು ಹೇಳಿದೆ. ಇಂಥವನು ಯಾರು ಎಂದು ಹುಡುಗ ತಲೆ ಎತ್ತಿದ, ಈ ಮನೆಯ ಮಗ ಅಂದೆ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವನು ಹೋದ ಮೇಲೆ, “ಅವನು ಬರ್ತಾನಾ?” ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತಮ್ಮ, ಅವನ ಜೊತೆ ಮಾತಾಡೋಳು ನೀನು ಅಂದೆ. ಹಾಗೆ ಅನ್ನಬಾರದಿತ್ತು. ಅಂದೆ.

ನಾನು ನಿಮ್ಮಿಬ್ಬರನ್ನೂ ಕ್ಷಮಿಸಿದ್ದೇನೆ ಎಂದು ಇಲ್ಲಿ ಬರೆದು ಮುಗಿಸಿದರೆ ಪತ್ರ ಚೆನ್ನಾಗಿರುತ್ತದೆ. ಆದರೆ ಈ ಮನೆಯಲ್ಲಿ ಇನ್ನೊಂದು ಸುಳ್ಳು ಬೇಡ. ಇನ್ನೂ ಕ್ಷಮಿಸಿಲ್ಲ. ಒಂದು ದಿನ ಆಗಬಹುದು, ಅದಕ್ಕೆ ನೀನು ಕಣ್ಣೆದುರು ಇರಬೇಕಾಗುತ್ತದೆ. ಫೋನಿನಲ್ಲಿ ಆಗುವ ಕೆಲಸ ಅಲ್ಲ.

ನಿನ್ನ ಹೆಂಡತಿಗೆ ನನ್ನ ನೆನಪುಗಳನ್ನು ತಿಳಿಸು ಎಂದು ಬರೆಯಲು ನಮ್ಮಿಬ್ಬರ ನಡುವೆ ನೆನಪುಗಳೇ ಇಲ್ಲ. ಅವಳ ಮೇಲೆ ನನಗೇನೂ ಸಿಟ್ಟಿಲ್ಲವೆಂದು ಹೇಳು. ಮಗುವಿಗೆ ನನ್ನ ಆಶೀರ್ವಾದ. ಅತ್ತೆ ಒಬ್ಬಳಿದ್ದಾಳೆಂದು ಅವಳಿಗೆ ಹೇಳಿದ್ದೀಯೋ ಇಲ್ಲವೋ. ಹೇಳಿಲ್ಲದಿದ್ದರೆ ಹೇಳು, ಇದ್ದಾಳೆ.

ಇಂತು,
ನಿನ್ನ ಅಕ್ಕ

ಮತ್ತೆ: ಅಂಚೆ ಡಬ್ಬಿಗೆ ಹಾಕಲು ಹೊರಟವಳು ವಾಪಸು ಬಂದು ಇದನ್ನು ಸೇರಿಸುತ್ತಿದ್ದೇನೆ. ಕೇಬಲ್ ಜೋಡಿಸಲು ಬರುವುದು ಹದಿನಾಲ್ಕನೇ ತಾರೀಕು ಗುರುವಾರ, ಬೆಳಿಗ್ಗೆ ಹತ್ತರಿಂದ ಒಂದರೊಳಗೆ. ಅರ್ಜಿಯಲ್ಲಿ ಯಾರ ಹೆಸರಿದೆಯೋ ಅವರೇ ಎದುರಿಗಿದ್ದು ಸಹಿ ಹಾಕಬೇಕಂತೆ, ಅಮ್ಮನ ಸಹಿ ನಡೆಯುವುದಿಲ್ಲ, ಇಲ್ಲದಿದ್ದರೆ ಪೆಟ್ಟಿಗೆ ವಾಪಸು ತೆಗೆದುಕೊಂಡು ಹೋಗುತ್ತಾರೆ. ಗುರುತಿನ ಚೀಟಿ ಮರೆಯಬೇಡ. ನನ್ನ ಬಸ್ಸು ಅದರ ಹಿಂದಿನ ದಿನ, ಬುಧವಾರ ಸಂಜೆ ನಾಲ್ಕಕ್ಕೆ. ಮಂಗಳವಾರ ಹೇಗೂ ನಿನಗೆ ರಜೆ. ಅವತ್ತೇ ಬಂದರೆ, ಕೋಣೆಯಲ್ಲಿ ನಾನು ಇನ್ನೂ ಇರುತ್ತೇನೆ, ನೀವು ಮೂವರೂ ಹಾಲಿನಲ್ಲಿ ಮಲಗಬೇಕಾಗುತ್ತದೆ. ಮಗು ಬೇಕಾದರೆ ನನ್ನ ಪಕ್ಕ ಮಲಗಲಿ.